ಕಾಲ್ಚೆಂಡಾಟದಲ್ಲಿ ಮೈಸೂರಿನ ಪ್ರಥಮ ರಾಷ್ಟ್ರವಿಜಯ: ಆವತಿಯ ವಲಸೆಯ ಬೆಳಕಿನಲ್ಲಿ ಒಂದು ವಿಚಾರ

೧. ವಿಷಯನಿರ್ದೇಶ

ಕ್ರಿ. ಶ. ೧೯೪೬–೪೭ನೆಯ ಕ್ರೀಡಾವರ್ಷದಲ್ಲಿ ಅಖಿಲ ಭಾರತ ಕಾಲ್ಚೆಂಡಾಟದ ಪಂದ್ಯಾವಳಿಯು ಬೆಂಗಳೂರಿನಲ್ಲಿ ನಡೆಯಿತು. ಅಂತಿಮಪಂದ್ಯದಲ್ಲಿ ಮೈಸೂರು ಸಂಸ್ಥಾನದ ತಂಡಕ್ಕೆ ಬಂಗಾಳದ ತಂಡವು ಪ್ರತಿಪಕ್ಷವಾಗಿದ್ದಿತು. ಮೊದಲನೆಯ ಆಟದಲ್ಲಿ ಉಭಯಪಕ್ಷಗಳವರೂ ಒಂದು ಗೋಲನ್ನಾದರೂ ಪಡೆಯಲಿಲ್ಲ. ಸಮವಾಗಿ ನಿಂತ ಪಂದ್ಯವನ್ನು ಪೆನಾಲ್ಟಿ ಹೊಡೆತಗಳಿಂದ ತೀರ್ಮಾನಿಸುವ ಈಚಿನ ಪದ್ಧತಿಯು ಆಗ ಇರಲಿಲ್ಲವಾದುದರಿಂದ ಪಂದ್ಯವನ್ನು ಪುನಃ ಮೊದಲಿನಿಂದ ಆಡಬೇಕಾಯಿತು. ಈ ಎರಡನೆಯ ಆಟದಲ್ಲಿ ಮೈಸೂರು ೨, ಬಂಗಾಳ ೧ ಎಂದು ತೀರ್ಮಾನವಾಗಿ, ಸಂತೋಷ್ ಟ್ರೋಫಿ ಎಂಬ ಪಾರಿತೋಷಕವು ಪ್ರಥಮಬಾರಿಗೆ ದಕ್ಷಿಣದೇಶದ ಒಂದು ತಂಡಕ್ಕೆ ಲಭಿಸಿತು.

ಕ್ರೀಡಾಪಟ್ಟಿಗಳಲ್ಲಿ ಈ ಸಂಗತಿಯು ಒಂದು ಪಂಕ್ತಿಯಲ್ಲಿ ಮುಗಿಯುತ್ತದೆ. ಆದರೆ ಆ ಪಂಕ್ತಿಯಲ್ಲಿರುವ ‘ಮೈಸೂರು’ ಎಂಬ ಶಬ್ದಕ್ಕೆ ಅರ್ಥವೇನು ಎಂಬುದು ವಿಚಾರಣೀಯವಾಗಿದೆ. ಬೆಂಗಳೂರಿನ ಕಾಲ್ಚೆಂಡಾಟವು ಬೆಳೆದುದು ಬಹುಮಟ್ಟಿಗೆ ಅಲ್ಲಿಯ ದಂಡುಪ್ರದೇಶದಲ್ಲಿ; ಅದನ್ನು ಬೆಳೆಯಿಸಿದವರಲ್ಲಿ ಬಹುಮಂದಿ ತಮಿಳು, ಉರ್ದು, ತೆಲುಗು ಮನೆಮಾತಿನವರು; ಆ ದಂಡುಪ್ರದೇಶವಾದರೋ ಆ ಕಾಲದಲ್ಲಿ ಮೈಸೂರಿನ ಆಡಳಿತಕ್ಕೇ ಒಳಪಟ್ಟಿರಲಿಲ್ಲ. ಹೀಗಿರುವಾಗ ಈ ವಿಜಯವು ಯಾರದು? ಇದನ್ನು ಕನ್ನಡನಾಡಿನ ಇತಿಹಾಸದಲ್ಲಿ ಸೇರಿಸುವುದು ಯುಕ್ತವೋ ಅಥವಾ ಇದೊಂದು ಪಾಳೆಯದ ಕಥೆಯೆಂದು ಬದಿಗಿಡುವುದು ಯುಕ್ತವೋ? ಈ ಪ್ರಶ್ನೆಗೆ ಕೊಡುವ ಉತ್ತರವು ಕಾಲ್ಚೆಂಡಾಟಕ್ಕೆ ಮಾತ್ರ ಸಂಬಂಧಿಸಿದುದಲ್ಲ. ನಾಡಿನವರು ಯಾರು ಎಂಬ ದೊಡ್ಡ ಪ್ರಶ್ನೆಗೂ ಅದು ಅನ್ವಯಿಸುತ್ತದೆ.

ಇದಕ್ಕೆ ಉತ್ತರವನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ಬೆಂಗಳೂರಿನ ಉತ್ತರಕ್ಕೆ, ದೇವನಹಳ್ಳಿಯ ಆಚೆ, ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿರುವ ಆವತಿಯೆಂಬ ಗ್ರಾಮದ ಪೂರ್ವಚರಿತ್ರೆಯಲ್ಲಿಯೇ ಅದು ದೊರೆಯುತ್ತದೆ. ಆದರೆ ಅಲ್ಲಿಗೆ ಹೋಗುವುದಕ್ಕೆ ಮುನ್ನ ಆಟದ ಪ್ರಾಚೀನತೆ, ಇದೇ ಪ್ರಶ್ನೆಯು ಇಟಲಿದೇಶದಲ್ಲಿ ಎದ್ದ ಬಗೆ, ಬೆಂಗಳೂರಿನಲ್ಲಿ ಆಟವು ನೆಲೆಗೊಂಡ ಕ್ರಮ ಇವುಗಳನ್ನು ಸಂಗ್ರಹವಾಗಿ ನೋಡತಕ್ಕದ್ದಾಗಿದೆ.

೨. ಕಂದುಕಕ್ರೀಡೆಯ ಪ್ರಾಚೀನತೆ

ಚೆಂಡಿನ ಆಟವು ಭರತಖಂಡಕ್ಕೆ ಹೊಸದಲ್ಲ. ಮಹಾಭಾರತದ ಆದಿಪರ್ವದಲ್ಲಿ ಕುರುಕುಮಾರರು ಆಡುತ್ತಿದ್ದ ‘ವೀಟೆ’ಯು ಬಾವಿಯಲ್ಲಿ ಬೀಳಲು ದ್ರೋಣಾಚಾರ್ಯನು ದರ್ಭೆಯ ಕಡ್ಡಿಗಳಿಂದ ಅದನ್ನು ಮೇಲಕ್ಕೆ ತೆಗೆದನೆಂಬ ಕಥೆಯು ಪ್ರಸಿದ್ಧವಾಗಿದೆ. ವೀಟೆಯೆಂದರೆ ಚೆಂಡೆಂದು ಲೋಕದಲ್ಲಿ ಹೇಳುವರಾದರೂ ಅದು ಮರದ ಚಿಣ್ಣಿಯೆಂಬ ಪಕ್ಷವೂ ವ್ಯಾಖ್ಯಾತೃಗಳಲ್ಲುಂಟು. ಆದುದರಿಂದ ಇದನ್ನು ನಿಸ್ಸಂದಿಗ್ಧವಾದ ಪ್ರಮಾಣವೆಂದು ಗ್ರಹಿಸಲಾಗದು. ದಂಡಿಯ ದಶಕುಮಾರಚರಿತದಲ್ಲಿಯಾದರೋ ಸಂದೇಹಕ್ಕೆ ಎಡೆಯಿಲ್ಲ. ಸುಹ್ಮದೇಶದ ದಾಮಲಿಪ್ತನಗರದಲ್ಲಿ ರಾಜಪುತ್ರಿಯಾದ ಕಂದುಕಾವತಿಯು ಪ್ರತಿಮಾಸವೂ ಕೃತ್ತಿಕಾನಕ್ಷತ್ರದ ದಿವಸ ಜನಸಮಕ್ಷದಲ್ಲಿ ಚೆಂಡಾಡಿ ದೇವಿಯನ್ನು ಆರಾಧಿಸುತ್ತಿದ್ದಳೆಂದು ಅಲ್ಲಿ ವರ್ಣಿತವಾಗಿದೆ. ಸುಹ್ಮವೆಂದರೆ ಈಗಿನ ವಂಗದೇಶದ ಭಾಗ. ಬಂಗಾಳಿಗಳು ಇಂದು ಚೆಂಡಿಗೆ ತೋರುವ ಭಕ್ತಿಯನ್ನು ಬಲ್ಲವರಿಗೆ ಈ ಪ್ರಸಂಗವು ಸ್ವಾರಸ್ಯವಾಗಿಯೇ ತೋರುವುದು.

ಕನ್ನಡನಾಡಿಗೆ ಹೆಚ್ಚು ಸಮೀಪವಾದ ಪ್ರಮಾಣವು ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿದೆ. ವಾಜಿವಾಹ್ಯಾಳೀವಿನೋದವೆಂಬ ಪ್ರಕರಣದಲ್ಲಿ ಸವಾರರು ಎರಡು ಪಕ್ಷಗಳಾಗಿ ನಿಂತು, ಬಾಗಿದ ಕೋಲುಗಳಿಂದ ಚೆಂಡನ್ನು ಹೊಡೆಯುತ್ತ, ಬಯಲಿನ ತುದಿಗಳಲ್ಲಿ ನೆಟ್ಟ ತೋರಣಗಳನ್ನು ಲಕ್ಷ್ಯವಾಗಿ ಮಾಡಿಕೊಂಡು ಆಡುವ ಆಟವು ನಿರೂಪಿತವಾಗಿದೆ. ಎರಡು ಪಕ್ಷ, ಒಂದು ಚೆಂಡು, ಎದುರುಬದುರಾಗಿ ಎರಡು ತೋರಣ: ಇಂದಿನ ಕಾಲ್ಚೆಂಡಾಟದ ಅಂಗಗಳಲ್ಲಿ ಮುಖ್ಯವಾದುವು ಇಲ್ಲಿ ಬಂದೇ ಬಂದಿವೆ. ಇಂದಿನ ‘ಗೋಲಿ’ಗೆ ತೋರಣವೆಂಬ ಹೆಸರು ಎಂಟು ನೂರು ವರ್ಷಗಳ ಹಿಂದೆಯೇ ಸಿದ್ಧವಾಗಿದ್ದಿತೆಂದು ಹೇಳಬಹುದು.

ಆದರೆ ಇಷ್ಟರಿಂದಲೇ ಈಗಿನ ಕಾಲ್ಚೆಂಡಾಟವು ಇಲ್ಲಿಂದ ಹೊರಟಿತೆಂದು ಸಾಧಿಸಹೊರಡುವುದು ಅತಿಪ್ರಸಂಗವಾದೀತು. ಸೋಮೇಶ್ವರನ ಆಟವು ಅರಸುಮಕ್ಕಳ ವಿನೋದ; ಕಂದುಕಾವತಿಯದು ದೇವತಾರಾಧನೆ. ಒಂದು ದೇಶದ ಪ್ರಾಂತಗಳೆಲ್ಲ ತಂತಮ್ಮ ಹೆಸರಿನಲ್ಲಿ ತಂಡಗಳನ್ನು ಕಳುಹಿಸಿ, ಒಂದು ಪಾರಿತೋಷಕಕ್ಕಾಗಿ ಸ್ಪರ್ಧಿಸಿ, ಗೆದ್ದವರನ್ನು ದೇಶದಲ್ಲಿ ಶ್ರೇಷ್ಠರೆಂದು ಒಪ್ಪುವ ಏರ್ಪಾಡು ಇವೆರಡರಲ್ಲಿಯೂ ಇಲ್ಲ. ಅದು ಆಧುನಿಕಕಾಲದ ವಸ್ತು. ಆಟದ ನಿಯಮಗಳು ಲಂಡನ್ನಿನಲ್ಲಿ ೧೮೬೩ರಲ್ಲಿ ಗ್ರಂಥಸ್ಥವಾದ ಬಳಿಕ ಆಂಗ್ಲೇಯರ ಹಡಗುಗಳೂ ದಂಡುಗಳೂ ಹೋದ ಕಡೆಗೆಲ್ಲ ಆಟವೂ ಹೋಯಿತು. ಹಡಗಿನಿಂದ ಇಳಿದ ಆಟಕ್ಕೆ ಇಟಲಿಯ ಜಿನೋವಾ ರೇವು ನಿದರ್ಶನ. ದಂಡಿನೊಡನೆ ಬಂದ ಆಟಕ್ಕೆ ಬೆಂಗಳೂರು ನಿದರ್ಶನ.

೩. ಇಟಲಿಯ ನಿದರ್ಶನ

ಇಟಲಿಯಲ್ಲಿಯೂ ಪೂರ್ವದಲ್ಲಿ ಅನೇಕ ಸಂಸ್ಥಾನಗಳಿದ್ದು, ೧೮೬೧ರಲ್ಲಿ ಅದು ಏಕರಾಜ್ಯವೆನಿಸಿತು. ರೋಮ್ ನಗರವು ರಾಜಧಾನಿಯಾದುದು ೧೮೭೧ರಲ್ಲಿ. ಆ ಬಳಿಕ ಸುಮಾರು ಕಾಲು ಶತಮಾನ ಕಳೆದು, ೧೮೯೮ನೆಯ ಮಾರ್ಚಿಯಲ್ಲಿ ತೂರಿನ್ ನಗರದಲ್ಲಿ ಕಾಲ್ಚೆಂಡಾಟದ ಒಕ್ಕೂಟವೊಂದು ಸ್ಥಾಪಿತವಾಯಿತು. ಅದೇ ವರ್ಷದ ಮೇ ೮ರಂದು ಇಟಲಿಯ ಪ್ರಥಮ ರಾಷ್ಟ್ರೀಯ ಪಂದ್ಯಾವಳಿಯು ಆ ನಗರದಲ್ಲಿಯೇ ನಡೆಯಿತು. ರಾಷ್ಟ್ರೀಯವೆಂಬ ಹೆಸರು ದೊಡ್ಡದಾದರೂ ಅದಕ್ಕೆ ಬಂದ ತಂಡಗಳು ನಾಲ್ಕೇ. ಅವುಗಳಲ್ಲಿ ಮೂರು ತೂರಿನ್ ನಗರದವು, ಒಂದು ಜಿನೋವಾದ್ದು. ಎಲ್ಲ ಪಂದ್ಯಗಳೂ ಒಂದೇ ದಿನದಲ್ಲಿ ಮುಗಿದುವು. ಅಂತಿಮಪಂದ್ಯದಲ್ಲಿ ಜಿನೋವಾ ತಂಡವು ತೂರಿನ್ನಿನ ಇಂಟರ್‌ನಾಟ್ಸಿಯೊನಾಲೆ ತಂಡವನ್ನು ಹೆಚ್ಚಿನ ಅವಧಿಯ ಆಟದಲ್ಲಿ ೨–೧ರಿಂದ ಗೆದ್ದಿತು.

ಈ ಜಿನೋವಾ ಸಂಘವನ್ನು ೧೮೯೩ರಲ್ಲಿ ಸ್ಥಾಪಿಸಿದವರು ಆ ರೇವುಪಟ್ಟಣದಲ್ಲಿ ವ್ಯಾಪಾರಾದಿಗಳಿಗಾಗಿ ನೆಲಸಿದ್ದ ಆಂಗ್ಲೇಯರು. ಮೊದಲಲ್ಲಿ ಇಟಲಿಯವರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ. ಜೇಮ್ಸ್ ಸ್ಪೆನ್ಸ್‌ಲಿ ಎಂಬ ವೈದ್ಯರ ಪ್ರಯತ್ನದಿಂದ ೧೮೯೭ರಲ್ಲಿ ಸಂಘದ ಬಾಗಿಲು ದೇಶೀಯರಿಗೂ ತೆರೆಯಿತು. ಮರುವರ್ಷವೇ ಆ ಸಂಘವು ಇಟಲಿಯಲ್ಲಿ ಅಗ್ರಗಣ್ಯವಾಯಿತು. ಮೊದಲ ಏಳು ಪಂದ್ಯಾವಳಿಗಳಲ್ಲಿ ಆರನ್ನು ಗೆದ್ದಿತು. ನಡುವೆ ೧೯೦೧ರಲ್ಲಿ ಗೆದ್ದ ಮಿಲಾನ್ ಸಂಘವೂ ಹರ್ಬರ್ಟ್ ಕಿಲ್ಪಿನ್ ಎಂಬ ಆಂಗ್ಲೇಯನು ಇತರರೊಡನೆ ೧೮೯೯ರಲ್ಲಿ ಕಟ್ಟಿದುದೇ ಆಗಿದ್ದಿತು.

ಪರದೇಶಿಗಳು ಆಡಿ ಗೆದ್ದುದು ಇಟಲಿಯ ವಿಜಯವೆನಿಸುವುದು ಹೇಗೆ ಎಂಬ ಆಕ್ಷೇಪವು ಕಾಲಕ್ರಮದಲ್ಲಿ ಅಲ್ಲಿಯೂ ಎದ್ದಿತು. ೧೯೦೮ರಲ್ಲಿ ಒಕ್ಕೂಟವು ಪಂದ್ಯಾವಳಿಯನ್ನು ಎರಡಾಗಿ ಒಡೆದು, ಪರದೇಶಿಗಳೂ ಆಡಬಹುದಾದ ಒಂದನ್ನೂ ಇಟಲಿಯವರಿಗೆ ಮಾತ್ರ ಮೀಸಲಾದ ಮತ್ತೊಂದನ್ನೂ ಏರ್ಪಡಿಸಿತು. ಇದನ್ನು ಒಪ್ಪದೆ ಜಿನೋವಾ, ಮಿಲಾನ್, ತೊರಿನೊ ಸಂಘಗಳು ಹಿಂದೆಗೆದುವು. ಅದೇ ವರ್ಷ ಇದೇ ವಿವಾದದ ಫಲವಾಗಿ ಮಿಲಾನ್ ಸಂಘದಿಂದ ಕೆಲವರು ಬೇರೆಯಾಗಿ ಹೊಸ ಸಂಘವೊಂದನ್ನು ಸ್ಥಾಪಿಸಿ, ಎಲ್ಲ ದೇಶದವರಿಗೂ ಅದು ತೆರೆದಿರುವುದೆಂಬುದನ್ನು ‘ಇಂಟರ್‌ನಾಟ್ಸಿಯೊನಾಲೆ’ ಎಂಬ ಹೆಸರಿನಿಂದಲೇ ಸಾರಿದರು. ಮೀಸಲು ಪಂದ್ಯಾವಳಿಯನ್ನು ಗೆದ್ದುದು ಬತ್ತದ ಬಯಲುಗಳ ನಡುವಣ ವೆರ್ಚೆಲ್ಲಿ ಎಂಬ ಸಣ್ಣ ಪಟ್ಟಣದ ತಂಡ. ಸ್ವಂತ ಊರಿನ ಮಕ್ಕಳಿಂದಲೇ ಮೇಲೆ ಬಂದ ಆ ತಂಡದ ಕೀರ್ತಿಯು ಅಲ್ಪವಲ್ಲ. ಮುಂದೆ ಅದು ಒಟ್ಟು ಏಳು ಬಾರಿ ಅಗ್ರಸ್ಥಾನವನ್ನು ಪಡೆಯಿತು. ಆದರೂ ಇಟಲಿಯವರು ತಮ್ಮ ಕ್ರೀಡೇತಿಹಾಸವನ್ನು ಬರೆಯುವಾಗ ಜಿನೋವಾದ ವಿಜಯಗಳನ್ನು ಅಳಿಸಿಹಾಕಲಿಲ್ಲ. ೧೮೯೮ರಿಂದಲೇ ಲೆಕ್ಕವನ್ನು ಆರಂಭಿಸುತ್ತಾರೆ. ಅಷ್ಟೇ ಅಲ್ಲ, ೧೯೩೪ರಲ್ಲಿ ಇಟಲಿಯು ವಿಶ್ವಕಪ್ಪನ್ನು ಗೆದ್ದಾಗ ಅಂತಿಮಪಂದ್ಯದಲ್ಲಿ ಅದರ ಪರವಾಗಿ ಮೊದಲನೆಯ ಗೋಲನ್ನು ಹೊಡೆದ ಓರ್ಸಿಯು ಹುಟ್ಟಿದುದು ದಕ್ಷಿಣ ಅಮೆರಿಕೆಯ ಅರ್ಜೆಂಟೀನದಲ್ಲಿ. ಆಕ್ಷೇಪವನ್ನು ಎತ್ತಿದ ದೇಶವೇ ಕಡೆಗೆ ಅದನ್ನು ಕೈಬಿಟ್ಟಂತಾಯಿತು.

೪. ದಂಡೂ ಪೇಟೆಯೂ

ಇನ್ನು ಬೆಂಗಳೂರಿನ ವಿಷಯ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಆಂಗ್ಲೇಯರ ಸೇನೆಯು ಅಲ್ಲಿಯ ರೋಗರುಜಿನಗಳ ದೆಸೆಯಿಂದ ೧೮೦೯ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಬಳಿಯಲ್ಲಿ ನೆಲೆಮಾಡಿತು. ಜನರು ಇದನ್ನು ‘ದಂಡು’ ಎಂದೂ ಕೆಂಪೇಗೌಡನ ಹಳೆಯ ಊರನ್ನು ‘ಪೇಟೆ’ ಎಂದೂ ಕರೆದರು. ಸೇನೆಯನ್ನು ಹಿಂಬಾಲಿಸಿ ಮದರಾಸಿನ ಕಡೆಯಿಂದ, ವಿಶೇಷವಾಗಿ ಆರ್ಕಾಟಿನ ಸೀಮೆಯಿಂದ, ಕುಶಲಕರ್ಮಿಗಳೂ ವರ್ತಕರೂ ಪರಿಚಾರಕರೂ ಬಂದು ನೆಲಸಿದರು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಹಿಂದಿರುಗಿದಾಗಲೂ ದಂಡುಪ್ರದೇಶವು ಮಾತ್ರ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಿಂದ ಆಂಗ್ಲೇಯರ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ಹೀಗೆ ಒಂದೇ ಊರಿನಲ್ಲಿ ಎರಡು ಆಡಳಿತಗಳು, ಎರಡು ನಗರಸಭೆಗಳು, ಬೇರೆ ಬೇರೆ ಭಾಷೆಗಳ ಬೀದಿಗಳು ಬಹುಕಾಲ ನಡೆದುಬಂದುವು.

ಪಟಾಲಮ್ಮಿನ ಬಯಲುಗಳಲ್ಲಿ ಸೋಜರರು ಆಡುತ್ತಿದ್ದ ಆಟವನ್ನು ಸುತ್ತಲ ಕೇರಿಗಳ ಹುಡುಗರು ಕಲಿತರು. ಹಲಸೂರು, ಆಗ ಬ್ಲಾಕ್‌ಪಲ್ಲಿಯೆನಿಸಿದ್ದ ಶಿವಾಜಿನಗರ, ಮರ್ಫಿ ಟೌನು, ಆಸ್ಟಿನ್ ಟೌನು, ಗೌತಮಪುರ ಇವು ಆಟದ ನೆಲೆಗಳಾಗಿ ಬೆಳೆದುವು. ಈ ಕೇರಿಗಳ ಹುಡುಗರಿಗೆ ಬೂಟು ದುರ್ಲಭ. ಬರಿಗಾಲೇ ಅವರ ಸಾಧನ. ಬೂಟಿಲ್ಲದ ಕಾಲಿಗೆ ಚೆಂಡಿನ ಸ್ಪರ್ಶಜ್ಞಾನವು ಹೆಚ್ಚು; ಒಣನೆಲದಲ್ಲಿ ಚುರುಕಾಗಿ ತಿರುಗುವ ಸೌಕರ್ಯವೂ ಹೆಚ್ಚು. ಕೆಸರುನೆಲದಲ್ಲಿ ಮಾತ್ರ ಅದು ಬೂಟಿಗೆ ಸೋಲಬೇಕಾಗುತ್ತಿದ್ದಿತು. ಮೈಯ ಬಲವನ್ನು ನೆಚ್ಚಿಕೊಳ್ಳದೆ ಚೆಂಡನ್ನು ಕಾಲಿನಲ್ಲಿಯೇ ಹಿಡಿದು ಸಣ್ಣ ಸಣ್ಣ ಕೊಡುಕೊಳ್ಳುಗಳಿಂದ ಮುಂದೆ ಸಾಗುವ ಚಾತುರ್ಯಕ್ಕೆ ಇದೇ ಕಾರಣವೆಂದು ಊಹಿಸಬಹುದು.

ಈ ಚಾತುರ್ಯವು ದೇಶಕ್ಕೆ ಪ್ರಕಟವಾದುದು ೧೯೩೭ರಲ್ಲಿ. ಮುಂಬಯಿಯ ರೋವರ್ಸ್ ಕಪ್ ಎಂಬ ಪಂದ್ಯಾವಳಿಯು ೧೮೯೧ರಲ್ಲಿ ಆರಂಭವಾಗಿ, ನಾಲ್ವತ್ತು ವರ್ಷಗಳಿಗೂ ಮೀರಿ ಆಂಗ್ಲೇಯರ ಪಟಾಲಮ್ಮುಗಳ ಸೊತ್ತಾಗಿಯೇ ಇದ್ದಿತು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡವು ಅಂತಿಮಪಂದ್ಯದಲ್ಲಿ ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು ೧–೦ರಿಂದ ಗೆದ್ದು, ಆ ಕಪ್ಪನ್ನು ಪಡೆದ ಪ್ರಥಮ ಭಾರತೀಯ ತಂಡವೆನಿಸಿತು. ಮರುವರ್ಷ ಅದೇ ತಂಡವು ಆರ್ಗೈಲ್ ಅಂಡ್ ಸದರ್‌ಲೆಂಡ್ ಹೈಲೆಂಡರ್ಸ್ ಎಂಬ ಸ್ಕಾಟ್ಲೆಂಡಿನ ಪಟಾಲಮ್ಮನ್ನು ೩–೨ರಿಂದ ಸೋಲಿಸಿ ಕಪ್ಪನ್ನು ಉಳಿಸಿಕೊಂಡಿತು. ೧೯೧೧ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ಪಟಾಲಮ್ಮನ್ನು ೨–೧ರಿಂದ ಗೆದ್ದು ಐ. ಎಫ್. ಎ. ಷೀಲ್ಡನ್ನು ಪಡೆದ ಪ್ರಸಂಗವು ಗ್ರಂಥಗಳಲ್ಲಿಯೂ ಚಲಚ್ಚಿತ್ರಗಳಲ್ಲಿಯೂ ಕೊಂಡಾಡಲ್ಪಟ್ಟಿದೆ. ಬೆಂಗಳೂರಿನವರ ಈ ಸಾಧನೆಗೆ ಕನ್ನಡದಲ್ಲಿ ಅಂತಹ ಪ್ರಶಸ್ತಿಯು ದೊರೆತಿಲ್ಲ.

೫. ಸಂತೋಷ್ ಟ್ರೋಫಿ

ಪ್ರಾಂತಗಳ ನಡುವಣ ರಾಷ್ಟ್ರೀಯ ಪಂದ್ಯಾವಳಿಯು ೧೯೪೧–೪೨ರಲ್ಲಿ ಆರಂಭವಾಯಿತು. ಇದರ ಪಾರಿತೋಷಕಕ್ಕೆ ‘ಸಂತೋಷ್’ ಎಂಬ ಹೆಸರು ಬಂದುದು ಹರ್ಷವಾಚಕವಾದ ಸಂತೋಷಶಬ್ದದಿಂದಲ್ಲ. ಈಗ ಬಾಂಗ್ಲಾದೇಶಕ್ಕೆ ಸೇರಿರುವ ಟಂಗಾಯಿಲ್ ಸೀಮೆಯಲ್ಲಿ ಸಂತೋಷವೆಂಬ ಒಂದು ಸ್ಥಳವುಂಟು. ಅಲ್ಲಿಯ ಜಮೀನ್‌ದಾರರಾಗಿದ್ದ ಸರ್ ಮನ್ಮಥನಾಥ ರಾಯ್ ಚೌಧರಿಯವರ ಸ್ಮರಣಾರ್ಥವಾಗಿ ಕಲ್ಕತ್ತೆಯ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸಂಸ್ಥೆಯು ಇದನ್ನು ಕೊಟ್ಟಿತು. ಹೀಗೆ ಪಾರಿತೋಷಕದ ಹೆಸರೂ ಬಂಗಾಳದ್ದು, ಅದನ್ನು ಕೊಟ್ಟ ಸಂಸ್ಥೆಯೂ ಬಂಗಾಳದ್ದು. ಮೊದಲನೆಯ ಪಂದ್ಯಾವಳಿಯು ನಡೆದುದೂ ಕಲ್ಕತ್ತೆಯಲ್ಲಿಯೇ. ಅಲ್ಲಿ ಬಂಗಾಳವು ದೆಹಲಿಯನ್ನು ೫–೧ರಿಂದ ಗೆದ್ದಿತು. ಯುದ್ಧದ ದೆಸೆಯಿಂದ ಎರಡು ವರ್ಷ ನಿಂತಿದ್ದು, ೧೯೪೪–೪೫ರಲ್ಲಿ ದೆಹಲಿಯಲ್ಲಿ ದೆಹಲಿ ತಂಡವು ಬಂಗಾಳವನ್ನು ೨–೦ರಿಂದಲೂ, ೧೯೪೫–೪೬ರಲ್ಲಿ ಮುಂಬಯಿಯಲ್ಲಿ ಬಂಗಾಳವು ಮುಂಬಯಿಯನ್ನು ೨–೦ರಿಂದಲೂ ಗೆದ್ದುವು. ನಾಲ್ಕನೆಯದೇ ಬೆಂಗಳೂರಿನ ಪಂದ್ಯಾವಳಿ.

ಇಟಲಿಯಲ್ಲಿ ಹೇಗೋ ಹಾಗೆಯೇ ಇಲ್ಲಿಯೂ ರಾಷ್ಟ್ರೀಯವೆಂಬ ಹೆಸರು ಮೊದಲು ಬಂದು ಅದರ ಅರ್ಥವು ತರುವಾಯ ಬಂದಿತು. ೧೯೪೬–೪೭ರವರೆಗೆ ಗೆದ್ದ ತಂಡಗಳೆರಡೂ ಆಂಗ್ಲೇಯರ ನೇರ ಆಡಳಿತದ ಪ್ರಾಂತಗಳವು. ಒಂದು ಹಳೆಯ ರಾಜಧಾನಿಯದು, ಮತ್ತೊಂದು ಹೊಸ ರಾಜಧಾನಿಯದು. ದೇಶೀಯ ಸಂಸ್ಥಾನವೊಂದು, ಅದರಲ್ಲಿಯೂ ದಕ್ಷಿಣದ ಸಂಸ್ಥಾನವೊಂದು, ಗೆದ್ದಾಗಲೇ ಆ ಪಂದ್ಯಾವಳಿಗೆ ಅಖಿಲ ಭಾರತವೆಂಬ ವಿಶೇಷಣವು ಸಾರ್ಥಕವಾಗತೊಡಗಿತು. ಮೈಸೂರಿನ ವಿಜಯದ ಪ್ರಥಮ ಮಹತ್ತ್ವವು ಇದು.

ಎರಡನೆಯ ಮಹತ್ತ್ವವು ಇದಕ್ಕಿಂತ ಸೂಕ್ಷ್ಮವಾದುದು. ಬ್ರಿಟಿಷರು ದಂಡುಪ್ರದೇಶವನ್ನು ಮೈಸೂರಿಗೆ ಹಿಂದಿರುಗಿಸಿದುದು ೧೯೪೭ನೆಯ ಜುಲೈ ೨೬ರಂದು. ಎರಡು ನಗರಸಭೆಗಳೂ ಸೇರಿ ಒಂದೇ ನಗರಪಾಲಿಕೆಯಾದುದು ೧೯೪೯ರಲ್ಲಿ. ಆದರೆ ಆಟದ ಬಯಲಿನಲ್ಲಿ ದಂಡೂ ಪೇಟೆಯೂ ‘ಮೈಸೂರು’ ಎಂಬ ಒಂದೇ ಹೆಸರಿನ ಕೆಳಗೆ ನಿಂತುದು ಇದಕ್ಕೆ ಮುಂಚೆಯೇ. ಹೊಸ್ತಿಲ ಮೇಲಿಟ್ಟ ದೀಪವು ಒಳಗೂ ಹೊರಗೂ ಬೆಳಕನ್ನು ಕೊಡುವುದೆಂಬ ದೇಹಲೀದೀಪನ್ಯಾಯವು ಇಲ್ಲಿ ಅನ್ವಯಿಸುತ್ತದೆ. ರಾಜಪತ್ರಗಳು ಬೇರ್ಪಡಿಸಿದ್ದ ಎರಡು ಮನೆಗಳ ನಡುವಣ ಹೊಸ್ತಿಲಲ್ಲಿ ಈ ವಿಜಯವು ದೀಪದಂತೆ ನಿಂತು, ಎರಡು ಕ್ರೀಡಾಂಗಣಗಳಿಗೂ ಒಂದೇ ಹೆಸರಿನ ಕಾಂತಿಯನ್ನು ಕೊಟ್ಟಿತು.

೬. ಪೂರ್ವಪಕ್ಷ

ಇಲ್ಲಿ ಎರಡು ಆಕ್ಷೇಪಗಳು ಹುಟ್ಟಬಹುದು. ಮೊದಲನೆಯದು: ಪಂದ್ಯಾವಳಿಯು ಬೆಂಗಳೂರಿನಲ್ಲಿಯೇ ನಡೆದುದರಿಂದ ಮೈಸೂರಿಗೆ ಸ್ವಸ್ಥಳದ ಅನುಕೂಲವಿದ್ದಿತು, ಆ ವಿಜಯಕ್ಕೆ ಅಷ್ಟು ಗೌರವವು ಸಲ್ಲದು ಎಂಬುದು. ಇದು ದುರ್ಬಲವಾದ ಆಕ್ಷೇಪ. ಬಂಗಾಳದ ಪ್ರಥಮ ವಿಜಯವು ಕಲ್ಕತ್ತೆಯಲ್ಲಿ, ದೆಹಲಿಯ ವಿಜಯವು ದೆಹಲಿಯಲ್ಲಿ ಆಗಿರುವಾಗ, ಮೈಸೂರಿಗೆ ಮಾತ್ರ ಈ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಮುಂದೆ ೧೯೬೭–೬೮ರಲ್ಲಿ ಮೈಸೂರು ಗೆದ್ದುದು ಒಡಿಶಾದ ಕಟಕದಲ್ಲಿ, ಅದೂ ಬಂಗಾಳದ ನೆರೆಯಲ್ಲಿ, ಬಂಗಾಳದ ಮೇಲೆಯೇ.

ಎರಡನೆಯ ಆಕ್ಷೇಪವು ಬಲವಾದುದು. ತಂಡದ ಹೆಸರು ಮೈಸೂರಾದರೂ ಅದರ ಬೇರು ದಂಡಿನಲ್ಲಿ. ದಂಡಿನ ಜನರು ಹೊರಗಿನಿಂದ ಬಂದವರು. ಅವರ ಮನೆಮಾತು ಕನ್ನಡವಲ್ಲ. ಅವರು ಕಲಿತ ಆಟವೂ ಪರದೇಶದ್ದು. ಕನ್ನಡಿಗರ ಪ್ರಾಣವಿದ್ದುದು ಗರಡಿಮನೆಯ ಕುಸ್ತಿಯಲ್ಲಿ, ಹಳ್ಳಿಯ ಚಿಣ್ಣಿಕೋಲಿನಲ್ಲಿ, ಕಬಡ್ಡಿಯಲ್ಲಿ. ಆದುದರಿಂದ ಈ ವಿಜಯವು ಮೈಸೂರಿನಲ್ಲಿ ಆದುದೇ ಹೊರತು ಮೈಸೂರಿನದಲ್ಲ, ಎಂದು ಪೂರ್ವಪಕ್ಷಿಯು ಹೇಳುವನು. ಇಟಲಿಯವರು ೧೯೦೮ರಲ್ಲಿ ಎತ್ತಿದ ಆಕ್ಷೇಪವೇ ಇದು. ಬರಿಯ ಔದಾರ್ಯದ ಮಾತಿನಿಂದ ಇದನ್ನು ತಳ್ಳಿಹಾಕಲಾಗದು, ಪ್ರಮಾಣದಿಂದ ಪರಿಹರಿಸಬೇಕು. ಆ ಪ್ರಮಾಣವು ಆವತಿಯಲ್ಲಿದೆ.

೭. ಆವತಿಯ ಸಾಕ್ಷ್ಯ

ಆವತಿಯ ಪ್ರಭುಗಳ ವಂಶಕಥೆಯು ಪರಂಪರೆಯಿಂದ ಹೀಗೆ ತಿಳಿಯಬರುತ್ತದೆ. ಕ್ರಿ. ಶ. ಹದಿನಾಲ್ಕನೆಯ ಶತಮಾನದ ಅಂತ್ಯ ಅಥವಾ ಹದಿನೈದನೆಯದರ ಆದಿಯಲ್ಲಿ ಕಂಚಿಯ ಕಡೆಯಲ್ಲಿದ್ದ ಮೊರಸು ಒಕ್ಕಲ ಕುಟುಂಬಗಳಲ್ಲಿ ದೊಡ್ಡಮ್ಮನೆಂಬ ಕನ್ಯೆಯಿದ್ದಳು. ಅನ್ಯಕುಲದ ಬಲಿಷ್ಠನಾದ ನಾಯಕನೊಬ್ಬನು ಆಕೆಯನ್ನು ತನಗೆ ಕೊಡಬೇಕೆಂದು ನಿರ್ಬಂಧಿಸಿದನು. ಕೊಡಲೊಲ್ಲದೆ, ಎದುರಿಸಲೂ ಆರದೆ, ರಣಭೈರೇಗೌಡನ ನಾಯಕತ್ವದಲ್ಲಿ ಅವರು ರಾತ್ರೋರಾತ್ರಿ ಊರನ್ನು ಬಿಟ್ಟರು. ತುಂಬಿ ಹರಿಯುತ್ತಿದ್ದ ಪಾಲಾರು ನದಿಯು ಅಡ್ಡವಾಗಲು ಕನ್ಯೆಯು ತನ್ನ ಕಿವಿಯ ಓಲೆಯನ್ನು ಗಂಗೆಗೆ ಅರ್ಪಿಸಿದಳು. ನದಿಯು ಇಬ್ಭಾಗವಾಗಿ ದಾರಿಯನ್ನು ಬಿಟ್ಟಿತು. ಏಳು ಬಂಡಿಗಳಲ್ಲಿ ಬಂದ ಆ ಜನರು ಆವತಿಯ ಬಳಿಯ ಬೆಟ್ಟದ ಬುಡದಲ್ಲಿ ಬಂಡಿಗಳನ್ನು ಬಿಚ್ಚಿ ನೆಲಸಿದರು.

ನದಿಯು ಇಬ್ಭಾಗವಾದುದನ್ನು ಇತಿಹಾಸವೆಂದು ಗ್ರಹಿಸಬೇಕಾದುದಿಲ್ಲ. ಕಥೆಯ ಸಾರವು ಬೇರೆ. ಈ ಸೀಮೆಯ ಪ್ರಭುವಂಶಗಳು ತಾವು ಇಲ್ಲಿಯೇ ಮೊಳೆತವರೆಂದು ಹೇಳಿಕೊಳ್ಳಲಿಲ್ಲ. ಪಾಲಾರಿನ ಆಚೆಯಿಂದ, ಆಶ್ರಯವನ್ನು ಬಯಸಿ, ಬಂಡಿಯಲ್ಲಿ ಬಂದವರೆಂದು ತಾವೇ ಹೇಳಿಕೊಂಡರು. ಹಾಗೆ ಬಂದವರ ಸಂತತಿಯವರೇ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳನ್ನು ಕಟ್ಟಿ ಆಳಿ, ಆವತಿನಾಡ ಪ್ರಭುಗಳೆಂಬ ಬಿರುದನ್ನು ಧರಿಸಿದರು. ಇದೇ ಬಳಗದ ಶಾಖೆಯೊಂದು ಯಲಹಂಕದಲ್ಲಿ ನೆಲೆಗೊಂಡಿತೆಂದೂ, ೧೫೩೭ರಲ್ಲಿ ಬೆಂಗಳೂರಿನ ಮಣ್ಣಿನ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದ ಕೆಂಪೇಗೌಡನು ಆ ಶಾಖೆಯವನೆಂದೂ ಪರಂಪರೆಯು ಹೇಳುತ್ತದೆ. ಶಾಸನಗಳಲ್ಲಿ ಈ ವಂಶಕ್ಕೆ ಯಲಹಂಕನಾಡ ಪ್ರಭುವೆಂಬ ವಿಶೇಷಣವುಂಟು.

ಇನ್ನು ಭಾಷೆಯ ವಿಷಯ. ಮೊರಸು ಒಕ್ಕಲುಗಳಲ್ಲಿ ಕನ್ನಡ ಮಾತಿನವರೂ ಇರುವರು, ತೆಲುಗು ಮಾತಿನವರೂ ಇರುವರು. ಕೆಂಪೇಗೌಡನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಗಂಗಾಗೌರೀವಿಲಾಸವೆಂಬ ಯಕ್ಷಗಾನವು ತೆಲುಗಿನಲ್ಲಿದೆ. ಇದರಿಂದ ಕೆಂಪೇಗೌಡನು ಕನ್ನಡನಾಡಿನವನಲ್ಲವೆಂದು ಯಾರಾದರೂ ಹೇಳಿದ್ದುಂಟೆ? ಆತನು ಕಟ್ಟಿಸಿದ ಕೆರೆಗಳ ನೀರನ್ನು ಯಾರಾದರೂ ಹೊರನಾಡಿನ ನೀರೆಂದು ಬಿಟ್ಟರೆ? ಬಂದ ದಾರಿಯಿಂದಲೂ ಮನೆಯೊಳಗಿನ ಮಾತಿನಿಂದಲೂ ನಾಡಿನವನಾರೆಂಬುದನ್ನು ನಿಶ್ಚಯಿಸುವುದಾದರೆ, ದಂಡಿನ ಆಟಗಾರರನ್ನು ಹೊರಗೆ ಹಾಕುವ ವಾದವು ಮೊದಲು ಬೆಂಗಳೂರನ್ನು ಕಟ್ಟಿದವನನ್ನೇ ಹೊರಗೆ ಹಾಕಬೇಕಾಗುತ್ತದೆ. ಪಾಲಾರನ್ನು ದಾಟಿ ಆವತಿಗೆ ಬಂದವರಿಗೆ ಒಂದು ನ್ಯಾಯ, ನಾಲ್ಕು ಶತಮಾನಗಳ ಬಳಿಕ ಅದೇ ಪಾಲಾರಿನ ಸೀಮೆಯಿಂದ ಹಲಸೂರಿಗೆ ಬಂದವರಿಗೆ ಮತ್ತೊಂದು ನ್ಯಾಯ ಎಂಬುದು ಹೊಂದುವುದಿಲ್ಲ.

ಆವತಿಯ ಪ್ರಭುಗಳು ಕೋಟೆಕೆರೆಗಳನ್ನು ಕಟ್ಟಿದರು, ದಂಡಿನವರು ಆಡಿದುದು ಬರಿಯ ಆಟವಲ್ಲವೆ ಎಂದರೆ, ಭೇದವಿರುವುದು ಕಾರ್ಯದಲ್ಲಿ, ಸಂಬಂಧದಲ್ಲಲ್ಲ. ನಾಡಿನ ಹೆಸರನ್ನು ತನ್ನದೆಂದು ಹೊತ್ತು, ಅದರ ಮಾನಾಪಮಾನಗಳಿಗೆ ತಾನು ಭಾಗಿಯಾಗುವುದೇ ಸಂಬಂಧ. ಶಾಬ್ದಿಕರು ಶಬ್ದಗಳನ್ನು ಯೌಗಿಕ, ರೂಢ, ಯೋಗರೂಢ ಎಂದು ವಿಭಾಗಿಸುತ್ತಾರೆ. ‘ಪಂಕಜ’ವೆಂದರೆ ಕೆಸರಿನಲ್ಲಿ ಹುಟ್ಟಿದುದು, ಆದರೆ ಕೆಸರಿನಲ್ಲಿ ಹುಟ್ಟಿದುದೆಲ್ಲ ಪಂಕಜವೆನಿಸಲಾರದು. ಜನ್ಮಸ್ಥಾನವೊಂದರಿಂದಲೇ ಹೆಸರಿನ ಅರ್ಥವು ತೀರುವುದಿಲ್ಲವೆಂಬುದಕ್ಕೆ ಇದೇ ದೃಷ್ಟಾಂತ. ‘ಮೈಸೂರಿನವನು’ ಎಂಬ ಶಬ್ದದಲ್ಲಿಯೂ ಹುಟ್ಟು ಎಂಬುದು ಒಂದು ಅಂಶ. ಲೋಕವು ಆ ಹೆಸರಿನಿಂದ ಯಾರನ್ನು ಗುರುತಿಸಿ ಒಪ್ಪಿತು ಎಂಬುದು ಮತ್ತೊಂದು ಅಂಶ. ೧೯೪೬–೪೭ರ ತಂಡವನ್ನು ಬಂಗಾಳವು ಮೈಸೂರೆಂದೇ ಎದುರಿಸಿತು, ಮೈಸೂರೆಂದೇ ಅದಕ್ಕೆ ಸೋತಿತು. ಸೋತವರೇ ಒಪ್ಪಿದ ಹೆಸರನ್ನು ಗೆದ್ದ ನಾಡಿನವರು ಅಲ್ಲಗಳೆಯುವುದು ವಿಪರೀತವಲ್ಲವೆ? ಆದುದರಿಂದ ಈ ವಿಜಯವು ಮೈಸೂರಿನದೇ ಎಂಬುದು ಸಿದ್ಧಾಂತ.

೮. ಉತ್ತರಕಾಲ

ಸಿದ್ಧಾಂತವನ್ನು ಮುಂದಿನ ಇತಿಹಾಸವೂ ಸಮರ್ಥಿಸುತ್ತದೆ. ೧೯೪೮ನೆಯ ಜುಲೈ ೩೧ರಂದು ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರಭಾರತದ ತಂಡವು, ಬಹುಮಂದಿ ಬರಿಗಾಲಿನಲ್ಲಿಯೇ ಆಡಿ, ಫ್ರಾನ್ಸಿನ ಎದುರು ೧–೨ರಿಂದ ಸೋತಿತು. ಎರಡು ಪೆನಾಲ್ಟಿಗಳು ವ್ಯರ್ಥವಾದ ಆ ಪಂದ್ಯದಲ್ಲಿ ಭಾರತದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ ಅವರು ೧೯೪೯ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದರು. ಅಲ್ಲಿ ಅವರೂ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಎಂಬುವರೂ ಸೇರಿದ ಮುನ್ಪಂಕ್ತಿಗೆ ಬಂಗಾಳದ ಜನರು ‘ಪಂಚಪಾಂಡವರು’ ಎಂದು ಹೆಸರಿಟ್ಟರು. ಐವರೂ ದಕ್ಷಿಣದೇಶದವರು. ಅಹಮದ್ ಖಾನ್ ಅವರು ೧೯೫೧ರ ಏಷ್ಯನ್ ಕ್ರೀಡೆಗಳಲ್ಲಿ ಸ್ವರ್ಣಪದಕವನ್ನು ಪಡೆದ ತಂಡದಲ್ಲಿಯೂ ಇದ್ದರು. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯದ ಎದುರು ಭಾರತದ ಏಕಮಾತ್ರ ಗೋಲು ಅವರದೇ. ಬಂಗಾಳವು ದಕ್ಷಿಣದ ಈ ಐವರನ್ನು ತನ್ನವರೆಂದು ಅಪ್ಪಿಕೊಂಡಿರುವಾಗ, ಹುಟ್ಟಿದ ನಾಡು ಅವರ ಬಳಗವನ್ನು ಹೊರಗಿನವರೆಂದರೆ ಅದಕ್ಕಿಂತ ಶೋಚನೀಯವಾದುದು ಯಾವುದು?

ಮೈಸೂರು ತಂಡವು ೧೯೫೨–೫೩ರಲ್ಲಿ ಬೆಂಗಳೂರಿನಲ್ಲಿ, ೧೯೬೭–೬೮ರಲ್ಲಿ ಕಟಕದಲ್ಲಿ, ೧೯೬೮–೬೯ರಲ್ಲಿ ಪುನಃ ಬೆಂಗಳೂರಿನಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಮೂರೂ ಅಂತಿಮಪಂದ್ಯಗಳಲ್ಲಿ ಗೋಲುಗಳ ಸಂಖ್ಯೆ ೧–೦. ಮೊದಲನೆಯದೂ ಸೇರಿ ನಾಲ್ಕರಲ್ಲಿಯೂ ಸೋತ ಪ್ರತಿಪಕ್ಷವು ಬಂಗಾಳವೇ. ಐ. ಟಿ. ಐ., ಎಚ್. ಎ. ಎಲ್. ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ಉದ್ಯೋಗವನ್ನು ಕೊಟ್ಟು ತಂಡಗಳನ್ನು ಪೋಷಿಸಿದುದು ಈ ಅಭ್ಯುದಯಕ್ಕೆ ಸಹಾಯಕವಾಯಿತು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆದರೆ ಹೊಸ ಹೆಸರು ಈ ಪಾರಿತೋಷಕದ ಮೇಲೆ ಬರಲು ಐವತ್ತು ವರ್ಷ ಕಾಯಬೇಕಾಯಿತು. ೨೦೨೩ನೆಯ ಮಾರ್ಚ್ ೪ರಂದು ಸೌದಿ ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕವು ಮೇಘಾಲಯವನ್ನು ೩–೨ರಿಂದ ಗೆದ್ದಿತು. ಗೋಲುಗಳನ್ನು ಹೊಡೆದವರು ಸುನಿಲ್ ಕುಮಾರ್, ಬೆಕೆ ಓರಮ್, ರಾಬಿನ್ ಯಾದವ್ ಎಂಬ ಮೂವರು. ಹೆಸರುಗಳನ್ನು ಕೇಳಿದ ಮಾತ್ರಕ್ಕೆ ಇವು ಹಲವು ನಾಡುಗಳನ್ನು ನೆನಪಿಗೆ ತರುತ್ತವೆ. ಆದರೂ ಆ ದಿನ ಅದು ಕರ್ನಾಟಕದ ವಿಜಯವಲ್ಲವೆಂದು ಯಾರೂ ಹೇಳಲಿಲ್ಲ. ೧೯೪೬–೪೭ರ ತಂಡಕ್ಕೂ ಅದೇ ಮಾತು ಸಲ್ಲತಕ್ಕದ್ದು.

ಆವತಿಯ ಏಳು ಬಂಡಿಗಳ ಕಥೆಯನ್ನು ಕೈಫಿಯತ್ತುಗಳೂ ಜನರ ನಾಲಗೆಯೂ ಉಳಿಸಿಕೊಟ್ಟುವು. ಪ್ರಭುಗಳ ಬಿರುದುಗಳನ್ನು ಕಲ್ಲುಗಳು ಉಳಿಸಿಕೊಟ್ಟುವು. ಬರಿಗಾಲಿನ ಆಟಗಾರರಿಗೆ ಶಾಸನವಿಲ್ಲ. ಅವರ ಪ್ರಶಸ್ತಿಯಿರುವುದು ಹಳೆಯ ಪತ್ರಿಕೆಗಳ ಮಾಸಿದ ಹಾಳೆಗಳಲ್ಲಿ, ಸಂಘಗಳ ಕಡತಗಳಲ್ಲಿ, ಗೌತಮಪುರ ಹಲಸೂರುಗಳ ಮನೆಗಳ ಗೋಡೆಗಳಲ್ಲಿ ತೂಗುವ ಭಾವಚಿತ್ರಗಳಲ್ಲಿ. ಅವು ತಮಿಳಿನಲ್ಲಿರಲಿ, ಉರ್ದುವಿನಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಸಂಗ್ರಹಿಸಿ ಕನ್ನಡದಲ್ಲಿ ಗ್ರಥಿಸುವುದು ಕನ್ನಡನಾಡಿನ ಇತಿಹಾಸಕಾರರ ಕರ್ತವ್ಯವಾಗಿದೆ. ತೆಲುಗಿನ ಯಕ್ಷಗಾನವನ್ನು ಬೆಂಗಳೂರಿನ ಇತಿಹಾಸಕ್ಕೆ ಆಧಾರವಾಗಿ ಸ್ವೀಕರಿಸಿದ ವಿದ್ವಾಂಸರಿಗೆ ಇದು ಹೊಸ ಮಾರ್ಗವೇನೂ ಅಲ್ಲ.